ನಾಲ್ಕು ದಿಕ್ಕಿನವರ ಗುಹೆ

ನದಿಯಲ್ಲಿ ಮುಳುಗಿ ಎದ್ದ ಮಾತ್ರಕ್ಕೆ ಪಾಪ ಹರಿಯುವುದಾದರೆ ಆಮೆ, ಕಪ್ಪೆ, ಮೊಸಳೆಗಳೆಲ್ಲ ಮನುಷ್ಯನಿಗಿಂತ ಮೊದಲೇ ಸ್ವರ್ಗ ಸೇರಬೇಕಾಗಿತ್ತಲ್ಲವೆ ಎಂದು, ಚಳಿಯಲ್ಲಿ ನಡುಗುತ್ತ ನೀರಿಗಿಳಿದಿದ್ದ ಬ್ರಾಹ್ಮಣನೊಬ್ಬನನ್ನು ಪುಣ್ಣಿಕಾ ಎಂಬ ನೀರು ಹೊರುವ ದಾಸಿಯೊಬ್ಬಳು ಕೇಳಿದ ಪ್ರಸಂಗ ಥೇರೀಗಾಥೆಯಲ್ಲಿ ಬರುತ್ತದೆ. ತೀರ್ಥಕ್ಷೇತ್ರಗಳ ಮಹಿಮೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷೆಗೊಡ್ಡಿದ ಧರ್ಮದಲ್ಲಿ ತೀರ್ಥಯಾತ್ರೆಗೆ ಸ್ಥಾನವೆಲ್ಲಿ ಎಂಬ ಶಂಕೆ ಸಹಜವಾದುದೇ. ಆದರೂ ಅದೇ ಧರ್ಮದ ಶಾಸ್ತನು ತನ್ನ ಕೊನೆಯ ದಿನಗಳಲ್ಲಿ, ತಾನು ಹುಟ್ಟಿದ, ಬೋಧಿಯನ್ನು ಪಡೆದ, ಧರ್ಮಚಕ್ರವನ್ನು ಪ್ರವರ್ತಿಸಿದ ಮತ್ತು ಪರಿನಿರ್ವಾಣ ಹೊಂದಲಿರುವ ನಾಲ್ಕು ಎಡೆಗಳು ಶ್ರದ್ಧಾವಂತರಿಗೆ ದರ್ಶನಯೋಗ್ಯವಾದುವೆಂದು ಆನಂದನಿಗೆ ಹೇಳಿದನೆಂದು ಮಹಾಪರಿನಿಬ್ಬಾಣಸುತ್ತದಲ್ಲಿ ಉಕ್ತವಾಗಿದೆ. ಎರಡು ಮಾತಿಗೂ ವಿರೋಧವಿಲ್ಲ. ಅಲ್ಲಿಯ ಮಣ್ಣಾಗಲಿ ನೀರಾಗಲಿ ಏನನ್ನೂ ತೊಳೆಯದು. ಆದರೆ ಅಲ್ಲಿ ನಿಂತವನ ಮನಸ್ಸಿನಲ್ಲಿ ಸಂವೇಗವೊಂದು ಏಳಬಹುದು, ಕಾಲವು ಉರಿಯುತ್ತಿದೆ, ನಾನು ಸುಮ್ಮನೆ ಕುಳಿತಿದ್ದೇನೆ ಎಂಬ ತಳಮಳ ಹುಟ್ಟಬಹುದು. ಬೌದ್ಧಯಾತ್ರೆಯ ಫಲವೆಂದರೆ ಈ ತಳಮಳವೇ. ಅದಕ್ಕಿಂತ ಹೆಚ್ಚಿನ ಪುಣ್ಯವನ್ನು ಆ ಯಾತ್ರೆಯ ಲೆಕ್ಕಪುಸ್ತಕದಲ್ಲಿ ಹುಡುಕುವುದು ವ್ಯರ್ಥ.

ಕನ್ನಡಿಗನ ಪಾಲಿಗೆ ಆ ನಾಲ್ಕು ಎಡೆಗಳೂ ದೂರದವು. ಬೆಂಗಳೂರಿನ ಪಶ್ಚಿಮಭಾಗದಲ್ಲಿ, ರಾಜಾಜಿನಗರ ವಿಜಯನಗರಗಳ ಕಡೆ, ವಯಸ್ಸಾದವರು ಕಾಶಿ ಪ್ರಯಾಗ ಗಯೆಗಳಿಗೆ ಗುಂಪುಕಟ್ಟಿಕೊಂಡು ಹೊರಡುವ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಗಯೆಯಲ್ಲಿ ಪಿತೃಗಳಿಗೆ ಪಿಂಡಪ್ರದಾನವಾದ ಮೇಲೆ, ಹೇಗೂ ಇಷ್ಟು ದೂರ ಬಂದಿದ್ದೇವೆಂದು ಬೋಧಗಯೆಗೂ ಒಂದು ಗಳಿಗೆ ಹೋಗಿ, ಅರಳಿಮರದ ಎದುರು ನಿಂತು ಕೈಮುಗಿದು, ಉದುರಿದ ಎಲೆಯೊಂದು ಸಿಕ್ಕಿದರೆ ಅದನ್ನು ಪುಸ್ತಕದೊಳಗಿಟ್ಟುಕೊಂಡು ಬರುತ್ತಾರೆ. ಇದನ್ನು ನಾನು ಲಘುವಾಗಿ ಕಾಣುವುದಿಲ್ಲ. ಪಿತೃಗಳ ನೆಪದಲ್ಲಿಯಾದರೂ ಬುದ್ಧನನ್ನು ಕಂಡರಲ್ಲ. ಆದರೆ ಬೌದ್ಧಯಾತ್ರೆಗಾಗಿ ಕನ್ನಡಿಗನು ಗಂಗಾಬಯಲಿಗೇ ಹೋಗಬೇಕಾಗಿಲ್ಲ ಎಂಬುದು ನನ್ನ ಮತ. ನಮ್ಮ ಪಾಲಿಗೆ ಬಂದಿರುವುದು ಬೆಟ್ಟಗಳು ಮತ್ತು ಗವಿಗಳು. ಬುದ್ಧನ ಪಾದ ಸೋಕದ, ಆದರೆ ಅವನ ಹೆಸರು ಹೇಳಿಕೊಂಡು ನಡೆದವರು ಮಳೆಗಾಲವನ್ನು ಕಳೆದ ಎಡೆಗಳು. ಇವುಗಳಿಗೆ ಹೋಗುವವನು ಯಾವ ಭಾವದಿಂದ ಹೋಗಬೇಕು, ಹೋಗಿ ಏನನ್ನು ಕಾಣಬೇಕು ಎಂಬುದೇ ಇಲ್ಲಿಯ ವಿಚಾರ.

ಗುಹೆಗೂ ಭಿಕ್ಷುವಿಗೂ ಇರುವ ಸಂಬಂಧವನ್ನು ಕಟ್ಟಿದ್ದು ಮಳೆ. ಸದಾ ಸಂಚರಿಸುತ್ತಿರಬೇಕಾದವನು ಆಷಾಢದಿಂದ ಮೂರು ತಿಂಗಳು ಮಾತ್ರ ಒಂದೆಡೆ ನಿಲ್ಲಬೇಕೆಂದು ವಿನಯದಲ್ಲಿ ವಿಧಿಸಲಾಯಿತು. ಹಸಿರು ಚಿಗುರನ್ನೂ ಹುಳುಹುಪ್ಪಟೆಗಳನ್ನೂ ತುಳಿದುಕೊಂಡು ಈ ಶ್ರಮಣರು ಮಳೆಯಲ್ಲಿ ತಿರುಗುತ್ತಾರಲ್ಲಾ ಎಂದು ಜನ ಆಡಿಕೊಂಡರಂತೆ. ನಿಲ್ಲುವುದಕ್ಕೆ ಅನುಮತವಾದ ಐದು ಬಗೆಯ ಆಸರೆಗಳಲ್ಲಿ ಗುಹೆಯೂ ಒಂದು. ಇದಕ್ಕೆ ಸೇರಿದಂತೆ ಚುಲ್ಲವಗ್ಗದಲ್ಲಿ ಒಂದು ಕಥೆ ಇದೆ. ರಾಜಗೃಹದ ಶ್ರೇಷ್ಠಿಯೊಬ್ಬನು, ಭಿಕ್ಷುಗಳು ಮರದಡಿಯಲ್ಲಿಯೂ ಬೆಟ್ಟದ ಸಂದಿನಲ್ಲಿಯೂ ರಾತ್ರಿಯನ್ನು ಕಳೆದು ಮುಂಜಾವದಲ್ಲಿ ಪ್ರಶಾಂತರಾಗಿ ಬರುವುದನ್ನು ಕಂಡು ಮನಸೋತು, ಒಂದೇ ದಿನದಲ್ಲಿ ಅರವತ್ತು ವಸತಿಗಳನ್ನು ಕಟ್ಟಿಸಿದನು. ಕಟ್ಟಿಸಿದ ಮೇಲೆ ಅವನಿಗೊಂದು ಸಂದೇಹ ಬಂತು: ಇವುಗಳನ್ನು ಯಾರಿಗೆಂದು ಕೊಡಲಿ? ಬುದ್ಧನು ತನಗೆ ಕೊಡು ಎನ್ನಲಿಲ್ಲ, ಎದುರಿಗಿರುವ ಶಿಷ್ಯರಿಗೆ ಕೊಡು ಎಂದೂ ಹೇಳಲಿಲ್ಲ. ಬಂದಿರುವ ಮತ್ತು ಇನ್ನೂ ಬಾರದಿರುವ ಚಾತುರ್ದಿಶ ಸಂಘಕ್ಕೆ ಅವನ್ನು ಮೀಸಲಿಡುವಂತೆ ಹೇಳಿದನು.

ನಾನು ಈ ಪ್ರಸಂಗವನ್ನು ಓದಿದಾಗಲೆಲ್ಲ ಇದು ವಸತಿವ್ಯವಸ್ಥೆಯ ಸಣ್ಣ ನಿಯಮವೊಂದಲ್ಲವೆಂದೂ, ಅನಾತ್ಮವಾದವೆಂಬ ಆ ಮಹಾದರ್ಶನವು ಕಲ್ಲುಮಣ್ಣಿನ ಲೋಕಕ್ಕೆ ಇಳಿದು ಬಂದಾಗ ಹೀಗೆಯೇ ಮಾತಾಡಬೇಕಾಗಿತ್ತೆಂದೂ ತೋರುತ್ತದೆ. ನಾನೆಂಬುದೇ ಒಂದು ಕಂತೆ, ಅದರೊಳಗೆ ಒಡೆಯನಿಲ್ಲ ಎಂದು ನಂಬಿದವನು ಗುಹೆಗೆ ಒಡೆಯನನ್ನು ಎಲ್ಲಿಂದ ತಂದಾನು? ಆದ್ದರಿಂದ ಗುಹೆ ಇನ್ನೂ ಹುಟ್ಟದವನಿಗೂ ಸೇರಿತು, ದಿಕ್ಕು ಗೊತ್ತಿಲ್ಲದೆ ಬರುವವನಿಗೂ ಸೇರಿತು. ನಮ್ಮ ಕಾಲದಲ್ಲಿ ಬೆಟ್ಟವೊಂದರ ಹೆಸರು ಬಂದೊಡನೆ ಇದು ಮೂಲತಃ ಯಾರದು, ಯಾರಿಂದ ಯಾರು ಕಸಿದರು ಎಂದು ದಾವೆ ಹೂಡುವವರು ಎರಡು ಪಕ್ಷದಲ್ಲಿಯೂ ಹೆಚ್ಚುತ್ತಿದ್ದಾರೆ. ದಾನಪತ್ರದ ಮೊದಲ ಸಾಲನ್ನೇ ಇವರು ಓದಿಲ್ಲವೆಂದು ನನಗನ್ನಿಸುತ್ತದೆ.

ಆದರೆ ಈ ಆದರ್ಶವು ಎಷ್ಟು ಬೇಗ ಭಂಗವಾಗಬಲ್ಲುದೆಂಬುದಕ್ಕೆ ಗಯೆಯ ಬಳಿಯ ಬರಾಬರ್ ಬೆಟ್ಟದ ಗುಹೆಗಳು ಸಾಕ್ಷಿ. ಬೌದ್ಧ ಉಪಾಸಕನಾದ ಅಶೋಕನು ಅವುಗಳಲ್ಲಿ ಎರಡನ್ನು, ತನ್ನ ಪಟ್ಟಾಭಿಷೇಕದ ಹನ್ನೆರಡನೆಯ ವರ್ಷದಲ್ಲಿ, ಆಜೀವಕರಿಗೆ, ಎಂದರೆ ಬುದ್ಧನ ವಾದಕ್ಕೆ ನೇರವಾಗಿ ಎದುರಾಗಿದ್ದ ನಿಯತಿವಾದಿಗಳಿಗೆ ಕೊಟ್ಟನು. ಒಳಗೋಡೆಗಳನ್ನು ಕನ್ನಡಿಯಂತೆ ಉಜ್ಜಿಸಿದ ಗುಹೆಗಳವು. ಆಮೇಲೆ ಬಂದ ಯಾರೋ ಶಾಸನದ ಉಳಿದ ಮಾತುಗಳನ್ನು ಹಾಗೆಯೇ ಬಿಟ್ಟು, ಆಜೀವಕರೆಂಬ ಹೆಸರನ್ನು ಮಾತ್ರ ಉಳಿಯಿಂದ ಕೆತ್ತಿಹಾಕಲು ಯತ್ನಿಸಿದ್ದಾರೆ. ಗುಹೆಯಲ್ಲಿ ತಾವು ವಾಸಿಸುವುದು ಅವರಿಗೆ ಸಾಲದಾಯಿತು. ತಮಗಿಂತ ಮೊದಲು ಇದ್ದವರು ಇರಲೇ ಇಲ್ಲವೆಂದಾಗಬೇಕಾಯಿತು. ವಾಸ ಬದಲಾಗುವುದು ಒಂದು, ಹೆಸರನ್ನು ಅಳಿಸುವುದು ಮತ್ತೊಂದು. ಈ ಎರಡನ್ನು ಬೆರೆಸದೆ ನೋಡುವ ವಿವೇಕವಿದ್ದರೆ ಮಾತ್ರ ನಮ್ಮ ಬೆಟ್ಟಗಳ ಯಾತ್ರೆ ಸಾರ್ಥಕವಾದೀತು.

ಪುಣೆಯಿಂದ ಮುಂಬಯಿಗೆ ಹೋಗುವ ದಾರಿಯಲ್ಲಿ, ಲೋಣಾವಳದ ಹತ್ತಿರ, ಕಾರ್ಲೆಯ ಚೈತ್ಯಗುಹೆ ಇದೆ. ಸಹ್ಯಾದ್ರಿಯ ಬಂಡೆಯನ್ನು ನೂರಿಪ್ಪತ್ತನಾಲ್ಕು ಅಡಿ ಉದ್ದಕ್ಕೆ ಕೊರೆದು, ಎರಡು ಸಾಲು ಕಂಬಗಳನ್ನು ನಿಲ್ಲಿಸಿ, ಕೊನೆಯಲ್ಲಿ ಸ್ತೂಪವನ್ನು ಬಿಡಿಸಿ, ಮೇಲೆ ಕಮಾನಿಗೆ ಮರದ ಪಕ್ಕೆಗಳನ್ನು ಜೋಡಿಸಿದ ಆ ಮಂದಿರವನ್ನು ಕಂಡವರಲ್ಲಿ ಹಲವರಿಗೆ ಅದು ಮರಾಠೀ ನಾಡಿನ ಸಂಪತ್ತೆಂಬ ಭಾವನೆ ಸಹಜವಾಗಿಯೇ ಇದೆ. ಅದರ ಮೊಗಸಾಲೆಯ ಗೋಡೆಯಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವೊಂದಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿ. ವರದಾನದಿಯ ತೀರದ ವರ್ತಕನೊಬ್ಬನು ಘಟ್ಟದ ಉದ್ದಕ್ಕೂ ಸರಕು ಸಾಗಿಸುತ್ತ, ಕರಾವಳಿಯ ರೇವುಗಳಿಗೂ ಒಳನಾಡಿನ ಪೇಟೆಗಳಿಗೂ ನಡುವೆ ಇದ್ದ ಈ ಬೆಟ್ಟದಲ್ಲಿ, ತನ್ನದಲ್ಲದ ಊರಿನಲ್ಲಿ, ತಾನೆಂದೂ ವಾಸಿಸಲಾರದ ಮನೆಯೊಂದಕ್ಕೆ ತನ್ನ ಹಣವನ್ನು ಸುರಿದನು. ಬಂಡೆಯೊಳಗೆ ಹೂತಿಟ್ಟ ಆ ಹಣಕ್ಕೆ ಬಡ್ಡಿಯೂ ಇರಲಿಲ್ಲ, ಅಸಲೂ ಹಿಂದಿರುಗುವಂತಿರಲಿಲ್ಲ. ಜಂಬೂದ್ವೀಪದಲ್ಲೇ ಉತ್ತಮ ಎಂಬ ಹೊಗಳಿಕೆ ಸ್ವಲ್ಪ ಸೆಟ್ಟಿಗಾರಿಕೆಯ ಮಾತಾಯಿತೆಂದು ಮುಗುಳ್ನಗಬಹುದು. ಆದರೆ ಒಳಗೆ ಹೋಗಿ ನಿಂತವನು ಆ ಮಾತನ್ನು ಅಲ್ಲಗಳೆಯಲಾರ.

ಕಾರ್ಲೆಯ ದಾನಿಗಳ ಪಟ್ಟಿಯೇ ಒಂದು ಸಣ್ಣ ಜಗತ್ತು. ಧೇನುಕಾಕಟದಿಂದ ಬಂದ ಯವನರು ಕಂಬಗಳನ್ನು ಕೊಟ್ಟಿದ್ದಾರೆ. ಗಂಧದ ವ್ಯಾಪಾರಿಯೊಬ್ಬನು ಬಾಗಿಲನ್ನು ಮಾಡಿಸಿದ್ದಾನೆ. ಬಡಗಿಯೊಬ್ಬನ ಹೆಸರೂ ಅಲ್ಲಿದೆ. ಮುಂದಿನ ಸಿಂಹಸ್ತಂಭ ಮಹಾರಠಿಯೊಬ್ಬನ ಕೊಡುಗೆ. ಕ್ಷತ್ರಪ ದೊರೆ ನಹಪಾನನ ಅಳಿಯನಾದ ಉಷವದಾತನು, ಜನ್ಮತಃ ಶಕ, ಆಚಾರದಲ್ಲಿ ಬ್ರಾಹ್ಮಣರಿಗೆ ಗೋದಾನ ಭೂದಾನಗಳನ್ನು ಮಾಡಿದವನು, ಇಲ್ಲಿಯ ಗುಹೆಗಳಲ್ಲಿ ವರ್ಷಾವಾಸ ಮಾಡುವ ಪ್ರವ್ರಜಿತರ ಜೀವನಕ್ಕಾಗಿ ಒಂದು ಹಳ್ಳಿಯನ್ನೇ ಬಿಟ್ಟುಕೊಟ್ಟನು. ಆ ಶಾಸನದಲ್ಲಿಯೂ ಬರುವುದು ಅದೇ ಚಾತುರ್ದಿಶ ಸಂಘ. ಈಗ ಚೈತ್ಯದ ಬಾಗಿಲಿಗೆ ಎದುರಾಗಿಯೇ ಏಕವೀರಾದೇವಿಯ ಗುಡಿ ನಿಂತಿದೆ. ಕೋಳಿ ಮತ್ತು ಆಗ್ರಿ ಸಮುದಾಯದ ಭಕ್ತರು ಸಾವಿರಗಟ್ಟಲೆಯಾಗಿ ಮೆಟ್ಟಿಲೇರಿ ಬಂದು, ದೇವಿಗೆ ಹರಕೆ ಸಲ್ಲಿಸಿ, ಹಿಂದಿರುವ ಗುಹೆಗೂ ಒಮ್ಮೆ ಹೊಕ್ಕು ಹೊರಡುತ್ತಾರೆ. ಶಿಲ್ಪಪ್ರಿಯರಾದ ಕೆಲವರು ಈ ಗದ್ದಲಕ್ಕೆ ಮುಖ ಸಿಂಡರಿಸುವುದುಂಟು. ನನಗೆ ಅವರ ಮೇಲೆ ಸಹಾನುಭೂತಿಯಿದ್ದರೂ ಒಪ್ಪಿಗೆಯಿಲ್ಲ: ನಿರ್ಜನವಾದ ಗುಹೆಯಲ್ಲಿ ಒಬ್ಬನೇ ನಿಂತು ಧ್ಯಾನಿಸುವ ಸುಖವು ಪ್ರವಾಸಿಯ ಸುಖ, ಗುಹೆಯನ್ನು ಕೊರೆಸಿದವರು ಜನ ಬರಲೆಂದೇ ಕೊರೆಸಿದರು.

ಬನವಾಸಿಯಲ್ಲಿಯೇ ಬೌದ್ಧಧರ್ಮದ ನೆಲೆ ಹೇಗಿತ್ತೆಂಬುದಕ್ಕೆ ಮಧುಕೇಶ್ವರ ದೇವಾಲಯದ ನಾಗಶಿಲೆ ಮಾತಾಡುತ್ತದೆ: ಚುಟು ವಂಶದ ರಾಜಪುತ್ರಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ಒಟ್ಟಿಗೆ ದಾನ ಮಾಡಿದಳೆಂದು ಅದರ ಮೇಲೆ ಬರೆದಿದೆ. ನಾಗಪೂಜೆಗೂ ವಿಹಾರಕ್ಕೂ ಆ ತಾಯಿಗೆ ಭೇದ ಕಾಣಲಿಲ್ಲ. ಐಹೊಳೆಯ ಮೇಗುತಿ ಬೆಟ್ಟದ ಇಳಿಜಾರಿನಲ್ಲಿ ಹಿಂಬದಿಯನ್ನು ಬಂಡೆಯಲ್ಲೇ ಕೊರೆದ ಎರಡಂತಸ್ತಿನ ಬೌದ್ಧಮಂದಿರವೂ, ಅದೇ ಬೆಟ್ಟದ ನೆತ್ತಿಯಲ್ಲಿ 634ರ ರವಿಕೀರ್ತಿಯ ಜೈನಮಂದಿರವೂ ಇವೆ. ಇವನ್ನು ಕಂಡವರು ಬಹಳ, ಹೇಳಿದವರೂ ಬಹಳ, ನಾನು ಮುಂದಕ್ಕೆ ಹೋಗುತ್ತೇನೆ.

ಯಾತ್ರೆಯೆಂಬ ಮಾತಿಗೆ ಕನ್ನಡ ನೆಲದಲ್ಲಿ ಸಿಕ್ಕುವ ಅತ್ಯಂತ ಹಳೆಯ ಬರಹದ ಸಾಕ್ಷಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯೆಂದು ಹೇಳಬಹುದು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಅಶೋಕಶಾಸನದಲ್ಲಿ ಚಕ್ರವರ್ತಿಯು, ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದೂ, ಮೊದಲು ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘದ ಸಾಮೀಪ್ಯಕ್ಕೆ ಬಂದ ಮೇಲೆ ಶ್ರಮಿಸಿದೆನೆಂದೂ ನಿವೇದಿಸಿ, ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಯತ್ನದಿಂದ ಸ್ವರ್ಗ ಸಾಧ್ಯವೆಂದು ಸಾರುತ್ತಾನೆ. ಆ ಘೋಷಣೆಯ ಕೊನೆಯಲ್ಲಿ 256 ಎಂಬ ಅಂಕಿ ಬರುತ್ತದೆ. ಸಂಚಾರದಲ್ಲಿ ಕಳೆದ ರಾತ್ರಿಗಳ ಸಂಖ್ಯೆಯದು ಎಂಬುದು ಬಹುಮಂದಿ ವಿದ್ವಾಂಸರ ಅರ್ಥ. ಅರಮನೆಯನ್ನು ಬಿಟ್ಟು ಅಷ್ಟು ರಾತ್ರಿ ಹೊರಗೆ ಕಳೆದವನ ಮಾತು ಬಂದು ನಿಂತದ್ದು ನಮ್ಮ ಕುರುಚಲು ಬೆಟ್ಟದ ಬಂಡೆಯ ಮೇಲೆ.

ಅದೇ ಮಾತು ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ, ಅಲ್ಲಿಗೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇದೆಯೆಂಬುದು 1931ರಲ್ಲಿ ತಿಳಿದುಬಂತು. ಕೊಪ್ಪಳವು ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡೆಂದು ಎಣಿಸಿದ ಪ್ರದೇಶದ ಎಲ್ಲೆಗಳಲ್ಲೊಂದು. ಶತಮಾನಗಳ ಕಾಲ ಜೈನರ ಮಹಾತೀರ್ಥ. ಅಲ್ಲಿಯ ಬೆಟ್ಟಗಳ ಮೇಲೆ ಸಲ್ಲೇಖನವ್ರತದಿಂದ ದೇಹ ಬಿಟ್ಟವರ ನೆನಪಿನ ಬರಹಗಳಿವೆ. ಈಗ ಅದು ಗವಿಸಿದ್ಧೇಶ್ವರನ ಊರು. ಪ್ರತಿವರ್ಷ ಜಾತ್ರೆಯಲ್ಲಿ ಲಕ್ಷಾಂತರ ಜನ ತೇರನ್ನು ಕಂಡು, ಮಠದ ಮಹಾದಾಸೋಹದಲ್ಲಿ ರೊಟ್ಟಿ ಪಲ್ಯಗಳನ್ನು ಉಂಡು, ಗವಿಯ ಕಡೆಗೆ ಕೈಮುಗಿಯುತ್ತಾರೆ. ಒಂದೇ ಬೆಟ್ಟಕ್ಕೆ ಬೌದ್ಧ ಉಪಾಸಕನ ಬರಹ, ಜೈನ ಸಾಧಕರ ಮರಣ, ವೀರಶೈವ ಸಿದ್ಧರ ಸಮಾಧಿ. ಜಾತ್ರೆಗೆ ಬಂದವನಿಗೆ ಅಶೋಕನು ಯಾರೆಂದು ತಿಳಿಯದಿರಬಹುದು. ಆದರೆ ಸಣ್ಣವನಿಗೂ ಎಟುಕುವ ಧರ್ಮವೆಂದು ಅಶೋಕನು ಹೇಳಿದ್ದರ ಅರ್ಥವನ್ನು ದಾಸೋಹದ ಪಂಕ್ತಿಯಲ್ಲಿ ಕುಳಿತವನಿಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಇನ್ನು ಮಂಗಳೂರಿನ ಕದ್ರಿಯ ವಿಷಯ. ಬೆಂಗಳೂರಿನ ಬಸವೇಶ್ವರನಗರಕ್ಕೆ ತಾಗಿಕೊಂಡು ಮಂಜುನಾಥನಗರವೆಂಬ ಬಡಾವಣೆ ಇದೆ. ಅಲ್ಲಿಂದಲೂ ಸುತ್ತಲಿನ ಬೀದಿಗಳಿಂದಲೂ ರಾತ್ರಿಯ ಬಸ್ಸು ಹಿಡಿದು ಧರ್ಮಸ್ಥಳಕ್ಕೆ ಹೋಗಿಬರುವವರಿಗೆ ಲೆಕ್ಕವಿಲ್ಲ. ಧರ್ಮಸ್ಥಳದ ವ್ಯವಸ್ಥೆಯೇ ಒಂದು ವಿಸ್ಮಯ: ದೇವರು ಶಿವ, ಪೂಜಕರು ಮಾಧ್ವರು, ಆಡಳಿತ ಜೈನ ಹೆಗ್ಗಡೆಯವರದು. ಅಲ್ಲಿಯ ಲಿಂಗವನ್ನು ಕ್ಷೇತ್ರದ ದೈವವಾದ ಅಣ್ಣಪ್ಪನು ಕದ್ರಿಯಿಂದ ತಂದನೆಂಬುದು ಐತಿಹ್ಯ. ಹಾಗಾದರೆ ಧರ್ಮಸ್ಥಳದ ಯಾತ್ರಿಕನು ತನಗೆ ಅರಿವಿಲ್ಲದೆಯೇ ಕದ್ರಿಯ ನಂಟನಾದನು. ಕದ್ರಿಯ ಬೆಟ್ಟದ ಬುಡದಲ್ಲಿ ಮಂಜುನಾಥನ ದೇಗುಲ. ದೇಗುಲದ ಹಿಂಬದಿಯಲ್ಲಿ, ಎತ್ತರದಿಂದ, ಗೋಮುಖದ ಮೂಲಕ ವರ್ಷವಿಡೀ ಬೀಳುವ ತೀರ್ಥ, ಅದರ ಬಳಿ ಕೆರೆಗಳು. ಮೆಟ್ಟಿಲೇರಿ ಮೇಲೆ ಹೋದರೆ ಜೋಗಿಮಠ, ಮುರಕಲ್ಲಿನ ದಿಣ್ಣೆಯಲ್ಲಿ ಕೊರೆದ ಗವಿಗಳು. ಯಾರು ಕೊರೆದರೆಂದು ತಿಳಿಯದ ಗವಿಗಳನ್ನೆಲ್ಲ ಪಾಂಡವರಿಗೆ ಒಪ್ಪಿಸಿಬಿಡುವುದು ನಮ್ಮ ಜನರ ರೂಢಿ. ಇವೂ ಪಾಂಡವರ ಗವಿಗಳೇ. ವನವಾಸದ ಹನ್ನೆರಡು ವರ್ಷಗಳಲ್ಲಿ ಆ ಐವರು ಇಷ್ಟೊಂದು ಕಲ್ಲು ಕುಟ್ಟಿದ್ದರೆ ಅವರಿಗೆ ಬೇರೆ ದುಃಖಕ್ಕೆ ಬಿಡುವೇ ಇರುತ್ತಿರಲಿಲ್ಲ.

ದೇಗುಲದಲ್ಲಿ ಲೋಕೇಶ್ವರನೆಂಬ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ. ಪದ್ಮಾಸನದಲ್ಲಿ ಕುಳಿತ ಆ ಮೂರ್ತಿಯ ಪ್ರಮಾಣವೂ ಮುಖದ ಪ್ರಸಾದವೂ ದಕ್ಷಿಣಭಾರತದ ಲೋಹಶಿಲ್ಪದಲ್ಲಿ ಅದಕ್ಕೆ ಅಗ್ರಸ್ಥಾನವನ್ನು ತಂದುಕೊಟ್ಟಿವೆ. ಅದರ ಪೀಠದ ಸಂಸ್ಕೃತ ಶಾಸನವು, ಕ್ರಿ. ಶ. 968ರಲ್ಲಿ ಆಳುಪ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ತಿಳಿಸುತ್ತದೆ. ವಿಹಾರವೆಂದಿದೆ, ಲೋಕೇಶ್ವರನೆಂದಿದೆ, ಮಕುಟದಲ್ಲಿ ಧ್ಯಾನಿಬುದ್ಧನ ಗುರುತಿದೆ, ಆದ್ದರಿಂದ ಇದು ಅವಲೋಕಿತೇಶ್ವರ ಬೋಧಿಸತ್ತ್ವನೆಂದು ಹಲವು ವಿದ್ವಾಂಸರು ನಿರ್ಣಯಿಸಿದರು. ಆದರೆ ಅದೇ ಶಾಸನದಲ್ಲಿ ಕುಂದವರ್ಮನು ಚಂದ್ರಶೇಖರನ ಪಾದಕಮಲದ ದುಂಬಿಯೆಂದು ವರ್ಣಿತನಾಗಿದ್ದಾನೆ. ಶಿವಭಕ್ತನಾದ ದೊರೆ ವಿಹಾರದಲ್ಲಿ ಬೋಧಿಸತ್ತ್ವನನ್ನು ನಿಲ್ಲಿಸಿದನೋ, ಅಥವಾ ಆ ಕಾಲಕ್ಕೇ ಲೋಕೇಶ್ವರನು ನಾಥಪಂಥದ ಮತ್ಸ್ಯೇಂದ್ರನೊಡನೆ ಒಂದಾಗಿದ್ದನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನೇಪಾಳದ ಪಾಟಣದಲ್ಲಿ ಇಂದಿಗೂ ಒಂದೇ ಮೂರ್ತಿಯನ್ನು ಬೌದ್ಧರು ಕರುಣಾಮಯನಾದ ಲೋಕೇಶ್ವರನೆಂದೂ ಶೈವರು ಮತ್ಸ್ಯೇಂದ್ರನಾಥನೆಂದೂ ಒಂದೇ ರಥದಲ್ಲಿ ಎಳೆಯುತ್ತಾರಾದ್ದರಿಂದ, ಕದ್ರಿಯಲ್ಲಿ ಹಾಗಾಗಿದ್ದರೆ ಅಚ್ಚರಿಯೇನಿಲ್ಲ.

ಎರಡು ಪಕ್ಷಗಳೂ ಇಲ್ಲಿ ನಿರಾಶೆಗೊಳ್ಳುತ್ತವೆ. ಶುದ್ಧವಾದ ಬೌದ್ಧಕ್ಷೇತ್ರವೊಂದು ಇತ್ತು, ಅದನ್ನು ಒಂದು ದಿನ ಕಸಿದುಕೊಂಡರು ಎನ್ನುವವನಿಗೆ ಪೀಠದ ಮೇಲಿನ ಶಿವಭಕ್ತಿ ಅಡ್ಡಬರುತ್ತದೆ. ಇಲ್ಲಿ ಬೌದ್ಧರೇ ಇರಲಿಲ್ಲ, ಎಲ್ಲವೂ ಮೊದಲಿನಿಂದ ನಮ್ಮದೇ ಎನ್ನುವವನಿಗೆ ವಿಹಾರವೆಂಬ ಮಾತೂ ಆ ಮಕುಟವೂ ಅಡ್ಡಬರುತ್ತವೆ. ಕರುಣೆಯ ಅಧಿದೇವತೆಯಾದವನಿಗೆ ತನ್ನನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬ ಚಿಂತೆ ಇರಲಾರದು. ಕೇಳುವವನಿಗೆ ಬೇಕಾದ ರೂಪದಲ್ಲಿ ಕಾಣಿಸಿಕೊಳ್ಳುವನೆಂದೇ ಮಹಾಯಾನಗ್ರಂಥಗಳು ಅವನನ್ನು ಕೊಂಡಾಡಿವೆ, ಈಶ್ವರನ ರೂಪವೂ ಅವುಗಳಲ್ಲೊಂದು.

ಕದ್ರಿಗೆ ಇಂದಿಗೂ ನಡೆಯುವ ದೊಡ್ಡ ಯಾತ್ರೆ ಜೋಗಿಗಳದು. ನಾಸಿಕದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುಂಭಮೇಳವಾದಾಗ, ನಾಥಪಂಥದ ಸಾಧುಗಳು ತ್ರ್ಯಂಬಕೇಶ್ವರದಿಂದ ಪಾತ್ರದೇವತೆಯನ್ನು ಹೊತ್ತು ಕಾಲ್ನಡಿಗೆಯಲ್ಲಿ ಹೊರಟು, ಮಹಾರಾಷ್ಟ್ರ ಕರ್ನಾಟಕಗಳ ಊರೂರುಗಳಲ್ಲಿ ತಂಗುತ್ತ, ತಿಂಗಳುಗಳ ಬಳಿಕ ಕದ್ರಿಯನ್ನು ತಲುಪುತ್ತಾರೆ. ನವನಾಥ ಝುಂಡಿಯೆಂದು ಈ ಮೇಳಕ್ಕೆ ಹೆಸರು. ಬಂದ ಮೇಲೆ ಜೋಗಿಮಠಕ್ಕೆ ಹೊಸ ರಾಜನನ್ನು ಆರಿಸಿ ಪಟ್ಟ ಕಟ್ಟುತ್ತಾರೆ. ಅವನ ಆಳ್ವಿಕೆ ಹನ್ನೆರಡು ವರ್ಷ ಮಾತ್ರ. ಮುಂದಿನ ಝುಂಡಿ ಬಂದಾಗ ಅವನು ಗದ್ದುಗೆಯನ್ನು ಬಿಟ್ಟು ಕೆಳಗಿಳಿಯಬೇಕು. 2015ರ ನಾಸಿಕದ ಮೇಳದ ಸಾಧುಗಳು 2016ರಲ್ಲಿ ಇಲ್ಲಿಗೆ ಬಂದು ಈ ವಿಧಿಯನ್ನು ನಡೆಸಿದರು. ಸಂಚಾರಿಗಳ ಸಭೆಯೊಂದು ಬೆಟ್ಟಕ್ಕೆ ಬಂದು, ತಮ್ಮಲ್ಲೊಬ್ಬನನ್ನು ಅವಧಿಯ ಮಟ್ಟಿಗೆ ಅಲ್ಲಿರಿಸಿ, ಉಳಿದವರು ಹೊರಟುಹೋಗುವ ಈ ಕ್ರಮವನ್ನು ರಾಜಗೃಹದ ಆ ಶ್ರೇಷ್ಠಿ ಕಂಡಿದ್ದರೆ, ವೇಷ ಬೇರೆಯಾದರೂ ವ್ಯವಸ್ಥೆಯನ್ನು ಗುರುತಿಸುತ್ತಿದ್ದನು.

ಇಷ್ಟಾದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಸಾಗುವಂತಿಲ್ಲ. ಗುಹೆ ಎಲ್ಲರದೆಂಬ ಈ ಸವಿಮಾತು, ಗೆದ್ದವರಿಗೆ ಅನುಕೂಲವಾದ ಮರೆವಲ್ಲವೆ? ಬೌದ್ಧರು ನಾಡಿನಿಂದ ಕಾಣೆಯಾದರು; ಅವರ ಹೆಸರು ಹೋಯಿತು; ಈಗ ಯಾರದೂ ಅಲ್ಲ ಎಂದರೆ ಇರುವವರದಾಗಿಯೇ ಉಳಿಯುತ್ತದೆ. ಅಂಬೇಡ್ಕರರ ದಾರಿಯಲ್ಲಿ ಬುದ್ಧನಿಗೆ ಶರಣಾಗಿರುವ ನಮ್ಮ ನಗರದ ಅನೇಕ ಕುಟುಂಬಗಳು ಕೇಳುವ ಪ್ರಶ್ನೆ ಇದು, ಮತ್ತು ನ್ಯಾಯವಾದ ಪ್ರಶ್ನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಕ್ಷೇತ್ರದ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ವಿಗ್ರಹವನ್ನು ಕೂರಿಸಲು ಅಕ್ಷರಗಳ ನಡುವೆಯೇ ಕುಳಿ ತೋಡಿದ್ದರು. ಹತ್ತಿರದ ಕನಗನಹಳ್ಳಿಯ ಮಹಾಸ್ತೂಪ, ಅಶೋಕನ ಹೆಸರನ್ನೇ ಕೆಳಗೆ ಬರೆದ ಅವನ ಶಿಲ್ಪದೊಡನೆ, ಮಣ್ಣಿನಡಿಯಲ್ಲಿ ಮಲಗಿತ್ತು. ಮರೆವು ನಿಜವಾಗಿ ನಡೆದಿದೆ, ಅದನ್ನು ನಡೆದಿಲ್ಲವೆನ್ನುವುದು ಅಸತ್ಯ. ಆದ್ದರಿಂದ ನನ್ನ ನಿಲುವು ಇಷ್ಟು: ಬಾಡಿಗೆಯಿಲ್ಲದ ವಾಸಕ್ಕೆ ಯಾರೂ ಬರಲಿ, ಆದರೆ ಮೊದಲಿದ್ದವರ ಹೆಸರು ಬಾಗಿಲಲ್ಲಿರಲಿ. ಲೋಕೇಶ್ವರನಿಗೆ ಆರತಿ ಎತ್ತುವುದರಲ್ಲಿ ಅನ್ಯಾಯವಿಲ್ಲ. ಅವನು ಲೋಕೇಶ್ವರನೆಂದು ಹೇಳದಿರುವುದರಲ್ಲಿ ಇದೆ.

ಇಂಥ ಮರೆವಿನ ನಡುವೆಯೂ ವಿಚಾರಗಳು ಗುಹೆಯಿಂದ ಗುಹೆಗೆ ದಾಟುತ್ತವೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1065ರ ಸುಮಾರಿಗೆ ರೂಪಭಟ್ಟಯ್ಯನೆಂಬ ಚಾಳುಕ್ಯರ ಅಧಿಕಾರಿ ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿ ತಾರಾಭಗವತಿ, ಲೋಕೇಶ್ವರ, ಬೌದ್ಧದೇವರ ಜತೆಗೆ ಕೇಶವನಿಗೂ ಪೂಜೆಯ ಏರ್ಪಾಡಿತ್ತೆಂದು ಶಾಸನ ಹೇಳುತ್ತದೆ. ಮುಂದಿನ ಶತಮಾನದಲ್ಲಿ ಅದೇ ಊರಿನಿಂದ ಅಲ್ಲಮಪ್ರಭು ಹೊರಬಂದನು. ಹರಿಹರನ ರಗಳೆಯಂತೆ, ಪ್ರಿಯೆ ಕಾಮಲತೆಯನ್ನು ಕಳೆದುಕೊಂಡ ದುಃಖದಲ್ಲಿ ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದ ಅಲ್ಲಮನಿಗೆ ಹೊನ್ನ ಕಳಶ ಗೋಚರಿಸಿತು; ಅಗೆಸಿದಾಗ ನೆಲದೊಳಗೆ ದೇಗುಲ, ದೇಗುಲದೊಳಗೆ ಎವೆಯಿಕ್ಕದೆ ಕುಳಿತ ಅನಿಮಿಷಯೋಗಿ; ಲಿಂಗವನ್ನು ಅಲ್ಲಮನ ಕೈಗಿತ್ತು ಅವನು ಪ್ರಾಣ ಬಿಟ್ಟನು. ಗುಹೇಶ್ವರನೆಂಬ ಅಂಕಿತದಲ್ಲಿ ವಚನ ನುಡಿದವನು, ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನು ಏರಿದವನು, ಶ್ರೀಶೈಲದ ಹಾದಿಯಲ್ಲಿ ನಾಥಯೋಗಿ ಗೋರಕ್ಷನ ಗರ್ವವನ್ನು ಮುರಿದವನು ಇವನೇ. ಅಲ್ಲಮನ ಶೂನ್ಯವು ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆಯೇ ಎಂದು ನಾನು ವಾದಿಸುವುದಿಲ್ಲ. ಹಾಗೆ ಸಮೀಕರಿಸಿದರೆ ಇಬ್ಬರೂ ಚಿಕ್ಕವರಾಗುತ್ತಾರೆ. ಆದರೆ ತಾರೆಯ ವಿಹಾರವಿದ್ದ ಊರಿನಲ್ಲಿ ಶೂನ್ಯವೆಂಬ ಮಾತು ಗಾಳಿಯಲ್ಲಿ ಇರಲಿಲ್ಲವೆಂದು ನಂಬಲು ನನ್ನಿಂದಾಗದು. ಬಸವಣ್ಣನ ಹೆಸರು ಹೊತ್ತ ಬಡಾವಣೆಯಲ್ಲಿದ್ದುಕೊಂಡು ಬುದ್ಧನನ್ನು ಕುರಿತು ಆಲೋಚಿಸುವವನಿಗೆ ಬಳ್ಳಿಗಾವೆಗಿಂತ ಸಮೀಪದ ಸೇತುವೆ ಬೇರಿಲ್ಲ.

ಬೌದ್ಧಧರ್ಮ ನಮ್ಮಲ್ಲಿ ಬರಿಯ ಬಂಡೆಯಾಗಿ ಉಳಿದಿಲ್ಲವೆಂಬುದನ್ನೂ ಹೇಳಬೇಕು. ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದರು. ರಾಜಾಜಿನಗರದಿಂದ ಅದು ಅರ್ಧ ಗಂಟೆಯ ಹಾದಿ, ವೈಶಾಖ ಹುಣ್ಣಿಮೆಯಂದು ಅಲ್ಲಿ ಕನ್ನಡ, ತಮಿಳು, ಸಿಂಹಳ, ಟಿಬೆಟನ್ ಭಾಷೆಗಳು ಒಟ್ಟಿಗೆ ಕೇಳಿಸುತ್ತವೆ. ಕೆಂಗೇರಿ ದಾಟಿ ಹೆಜ್ಜಾಲದ ಕಡೆಗೆ ಹೋದರೆ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ಇದೆ. 1960ರ ದಶಕದಿಂದ ಬೈಲುಕುಪ್ಪೆ ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟನ್ನರ ಮನಸ್ಸಿನಲ್ಲಿ ಪದ್ಮಸಂಭವನೂ ಮಿಲರೇಪನೂ ತಪಸ್ಸು ಮಾಡಿದ ಹಿಮಾಲಯದ ಗುಹೆಗಳಿವೆ. ಅವುಗಳಲ್ಲಿ ಹಲವಕ್ಕೆ ಅವರು ಹೋಗಲಾರರು. ಹೋಗಲಾರದ ಗುಹೆಯನ್ನು ಮನಸ್ಸಿನಲ್ಲಿ ಪ್ರದಕ್ಷಿಣೆ ಮಾಡುವವರ ಎದುರಿನಲ್ಲಿ, ಹೋಗಬಹುದಾದ ಗುಹೆಗೂ ಹೋಗದ ನಮ್ಮ ಆಲಸ್ಯ ನಾಚಬೇಕು.

ಕೊಪ್ಪಳದ ಗವಿಸಿದ್ಧೇಶ್ವರನ ಮಹಾರಥೋತ್ಸವ ಪುಷ್ಯ ಬಹುಳ ಬಿದಿಗೆಯಂದು ನಡೆಯುತ್ತದೆ. ಪಶ್ಚಿಮ ಬೆಂಗಳೂರಿನಲ್ಲಿ ನೆಲೆಸಿರುವ ಉತ್ತರ ಕರ್ನಾಟಕದವರು ಅದಕ್ಕೆ ಹೋಗುತ್ತಲೇ ಇರುತ್ತೀರಿ. ಈ ಸಲ ಹೋದಾಗ, ತೇರು ನೋಡಿ ದಾಸೋಹದಲ್ಲಿ ಊಟ ಮುಗಿಸಿಕೊಂಡು, ಮನೆಯ ಮಕ್ಕಳನ್ನು ಬೆಟ್ಟದ ಮೇಲಿನ ಅಶೋಕನ ಶಾಸನದ ಬಳಿಗೆ ಕರೆದೊಯ್ದು, ಇದನ್ನು ಬರೆಸಿದವನು ಯಾರು, ಅವನು ಯಾವ ಧರ್ಮದ ಉಪಾಸಕನಾಗಿದ್ದನು ಎಂಬುದನ್ನು ಬಾಯಿಬಿಟ್ಟು ಹೇಳಿಬನ್ನಿ. ಧರ್ಮಸ್ಥಳಕ್ಕೆ ಹೋಗುವವರು ಮಂಗಳೂರಿನವರೆಗೂ ಹೋಗಿ ಕದ್ರಿಯ ಲೋಕೇಶ್ವರನನ್ನು ಅವನ ಹೆಸರಿನಿಂದಲೇ ಕರೆದು ಕೈಮುಗಿಯಿರಿ.